ಕೊಲಿಂಡೇಲಿನ ಜಪಾನಿ ಮನೆಯಲ್ಲಿ ಅವ್ವನ ಬಿದಿರು

ಪ್ರವಾಸ ಕಥನ ಬರೆದು ನನಗೆ ಅಭ್ಯಾಸವಿಲ್ಲ. ಹೋದದ್ದು ಒಂದೇ ಸಲ, ಇದ್ದದ್ದು ಹತ್ತು ದಿನ, ನೋಡಿದ್ದು ಒಂದು ಮಹಾನಗರದ ಒಂದೆರಡು ಓಣಿ. ಲಂಡನ್ ಎಂದೊಡನೆ ಓದುಗರು ನಿರೀಕ್ಷಿಸುವ ಗೋಪುರಗಳೂ ಅರಮನೆಗಳೂ ಇಲ್ಲಿ ಬರುವುದಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಬರೆದುದನ್ನು ತಿದ್ದಿಕೊಡುವ ಹಿರಿಯರು ಮನೆಯಲ್ಲಿ ಇರಲಿಲ್ಲವಾದ್ದರಿಂದ ನಾನೇ ಮೂರು ಸಲ ತಿದ್ದಿಕೊಳ್ಳುವುದು ರೂಢಿ. ಅಷ್ಟಾದರೂ ಉಳಿದಿರಬಹುದಾದ ದೋಷಗಳನ್ನು ತಿಳಿದವರು ಮನ್ನಿಸಬೇಕಾಗಿ ಮೊದಲಿಗೇ ವಿನಂತಿಸುತ್ತೇನೆ.

ನಾವು ಧಾರವಾಡದ ಮೇದಾರರು. ನನ್ನ ತಾಯಿ ಗಂಗವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಐವತ್ತು ವರ್ಷ ಬುಟ್ಟಿ, ತೊಟ್ಟಿಲು, ಮೊರ ಹೆಣೆದವಳು. ನಮ್ಮ ಕಡೆ ಮೊರಕ್ಕೆ ‘ಮರ’ ಎನ್ನುತ್ತಾರೆ. ಪ್ರವಾಸಕ್ಕೆ ಬಂದಿದ್ದ ಆಂಗ್ಲ ಸಂಶೋಧಕಿಯೊಬ್ಬರು ಅವಳ ಕೈಗೆಲಸವನ್ನು ಅರ್ಧ ದಿನ ನಿಂತು ನೋಡಿದ್ದರು. ಮರುವರ್ಷ ಅವರ ಸಂಸ್ಥೆಯಿಂದ ಪತ್ರ ಬಂದಿತು: ಲಂಡನ್ನಿನಲ್ಲಿ ಮೂರು ದಿನಗಳ ಕರಕುಶಲ ಪ್ರದರ್ಶನ, ಗಂಗವ್ವನವರು ಜನರ ಎದುರು ಕುಳಿತು ಮೊರ ಹೆಣೆಯಬೇಕು, ಜೊತೆಗೆ ಒಬ್ಬ ದುಭಾಷಿಯನ್ನು ಕರೆತರಬಹುದು. ದುಭಾಷಿ ನಾನು. ಆಗ ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಇಂಗ್ಲಿಷ್ ಉಪನ್ಯಾಸಕನಾಗಿದ್ದೆ. ಸಹೋದ್ಯೋಗಿಗಳು ಕೇಳಿದಾಗ ‘ತಾಯಿಯವರು ಒಕ್ಕಲುತನ ನೋಡಿಕೊಳ್ಳುತ್ತಾರೆ’ ಎಂದು ಹೇಳಿಕೊಂಡು ಬಂದಿದ್ದೆನೆಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ವಿಮಾನ ನಿಲ್ದಾಣ, ಮಂಗಳವಾರ

ಅವ್ವನ ಎರಡು ಕತ್ತಿಗಳು ಪೆಟ್ಟಿಗೆಯೊಳಗೆ ಸುರಕ್ಷಿತವಾಗಿ ಬಂದವು. ತಡೆದದ್ದು ಬಿದಿರನ್ನು. ಗೋಣಿಯಲ್ಲಿ ಸುತ್ತಿ ತಂದಿದ್ದ ಹಸಿ ಬಿದಿರಿನ ಕಟ್ಟನ್ನು ಅಧಿಕಾರಿ ಬಿಚ್ಚಿ ನೋಡಿದರು, ಯಾವ ಪ್ರಮಾಣಪತ್ರವೂ ಇಲ್ಲವೆಂದು ಖಚಿತಪಡಿಸಿಕೊಂಡರು, ಹಸಿ ಸಸ್ಯದೊಡನೆ ಹುಳುವೂ ರೋಗವೂ ದೇಶದೊಳಗೆ ಬರುವ ಅಪಾಯವನ್ನು ಬಹಳ ವಿನಯದಿಂದ ವಿವರಿಸಿದರು ಮತ್ತು ಕಟ್ಟನ್ನು ತಮ್ಮಲ್ಲೇ ಇಟ್ಟುಕೊಂಡರು.

“ಯಾಕಂತ?” ಎಂದಳು ಅವ್ವ. “ನಮ್ಮ ಬಿದಿರಿಗೆ ಪಾಸ್‌ಪೋರ್ಟ್ ಇಲ್ಲೇನು?”

ಸರ್ಕಾರದ ನಿಯಮ ಎಂದಷ್ಟೇ ಹೇಳಿದೆ. ನಿಜ ಬೇರೆಯಿತ್ತು. ಸಂಸ್ಥೆಯವರು ಪತ್ರದಲ್ಲಿ ಸ್ಪಷ್ಟವಾಗಿ ಬರೆದಿದ್ದರು: ಯಾವ ಬಗೆಯ ಬಿದಿರು, ಎಷ್ಟು ದಪ್ಪ, ಗೆಣ್ಣಿನಿಂದ ಗೆಣ್ಣಿಗೆ ಎಷ್ಟು ಉದ್ದ ಎಂದು ತಿಳಿಸಿದರೆ ಇಲ್ಲಿಯೇ ಒದಗಿಸುತ್ತೇವೆ. ಆ ವಿವರಗಳನ್ನು ಇಂಗ್ಲಿಷಿನಲ್ಲಿ ಬರೆಯಲು ಕುಳಿತಾಗ ನನಗೆ ಪದಗಳು ತಿಳಿಯಲಿಲ್ಲ. ಎಂ.ಎ. ಮಾಡಿದವನು ತಪ್ಪು ಪದ ಬರೆದನೆಂದು ಅವರು ನಕ್ಕಾರೆಂಬ ಅಂಜಿಕೆಯಿಂದ, ‘ಸಾಮಗ್ರಿಯನ್ನು ನಾವೇ ತರುತ್ತೇವೆ’ ಎಂದು ಒಂದೇ ನಿರ್ದುಷ್ಟ ವಾಕ್ಯ ಬರೆದು ಕಳುಹಿಸಿದ್ದೆ.

ಪ್ರದರ್ಶನ ಶುಕ್ರವಾರ ಆರಂಭವಾಗಬೇಕಿತ್ತು. ನಿಲ್ದಾಣದಿಂದಲೇ ಸಂಸ್ಥೆಗೆ ಫೋನ್ ಮಾಡಿದೆ. ಈಗ ಬಿದಿರು ತರಿಸಲು ಒಂದು ವಾರ ಹಿಡಿಯುತ್ತದೆ, ಅಷ್ಟರಲ್ಲಿ ಪ್ರದರ್ಶನವೇ ಮುಗಿದಿರುತ್ತದೆ ಎಂದರು ಅವರು. ಬಿದಿರು ಸಿಗದಿದ್ದಲ್ಲಿ ಗೋಡೆಯ ಮೇಲೆ ಛಾಯಾಚಿತ್ರಗಳನ್ನು ಹಾಕುತ್ತೇವೆ, ತಾಯಿಯವರು ಪಕ್ಕದಲ್ಲಿ ಕುಳಿತಿದ್ದರೂ ಸಾಕು ಎಂದು ಸಮಾಧಾನ ಹೇಳಿದರು. ಅದನ್ನು ಅವ್ವನಿಗೆ ತಿಳಿಸಿದೆ.

“ಕೈ ಕಟಗೊಂಡು ಕೂಡಾಕ ನಾ ಇಷ್ಟು ದೂರ ಬಂದಿಲ್ಲ,” ಎಂದಳು.

ಕೊಲಿಂಡೇಲ್, ಅದೇ ಸಂಜೆ

ನಮ್ಮ ವಸತಿಯನ್ನು ಕೊಲಿಂಡೇಲಿನ ಅಗ್ಗದ ಅತಿಥಿಗೃಹವೊಂದರಲ್ಲಿ ಏರ್ಪಡಿಸಿದ್ದರು. ಹೊರಗಿನಿಂದ ಅದು ಆ ಓಣಿಯ ಉಳಿದ ಕೆಂಪು ಇಟ್ಟಿಗೆಯ ಮನೆಗಳಂತೆಯೇ ಒಂದಕ್ಕೊಂದು ಗೋಡೆ ಹಂಚಿಕೊಂಡ ಸಾಲುಮನೆ. ಬಾಗಿಲು ತೆರೆದರೆ ಒಳಗೆ ಜಪಾನು. ಅದರ ಯಜಮಾನತಿ ಸುಮಿಕೊ ಎಂಬ ಅರವತ್ತರ ಆಸುಪಾಸಿನ ವಿಧವೆ. ಬಡಗಿಯಾಗಿದ್ದ ಅವರ ಪತಿ ಇಪ್ಪತ್ತು ವರ್ಷಗಳ ಹಿಂದೆ ಈ ಮನೆಯನ್ನು ಕೊಂಡು, ರಜಾದಿನಗಳಲ್ಲಿ ಒಬ್ಬರೇ ಕೆಲಸ ಮಾಡಿ, ತಮ್ಮ ಊರಿನ ಮನೆಯ ಹಾಗೆ ಒಳಭಾಗವನ್ನು ಪೂರ್ತಿ ಬದಲಿಸಿದ್ದರಂತೆ. ಕಾಗದ ಅಂಟಿಸಿದ ಜಾರುಬಾಗಿಲುಗಳು, ನೆಲದ ತುಂಬ ಹುಲ್ಲಿನ ದಪ್ಪ ಚಾಪೆಗಳು, ಮಂಚವಿಲ್ಲದ ಕೋಣೆಗಳು. ಹಾಸಿಗೆಯನ್ನು ರಾತ್ರಿ ಬಿಡಿಸಿ ಬೆಳಿಗ್ಗೆ ಮಡಚಿಡಬೇಕು.

ವಿದೇಶದ ಮಂಚದ ಮೇಲೆ ಎಷ್ಟು ಹೊದಿಕೆಗಳ ನಡುವೆ ಎಲ್ಲಿ ನುಸುಳಿ ಮಲಗಬೇಕೆಂದು ತಿಳಿಯದೆ ನಗೆಗೀಡಾಗುವೆನೆಂಬ ಚಿಂತೆ ನನಗೆ ವಿಮಾನದಲ್ಲಿಯೇ ಇತ್ತು. ಆ ಚಿಂತೆ ಅಲ್ಲಿಗೆ ಮುಗಿಯಿತು. ಅವ್ವನಂತೂ ಹೊಸ್ತಿಲಲ್ಲಿ ಎಲ್ಲರೂ ಪಾದರಕ್ಷೆ ಬಿಡುವುದನ್ನು ಕಂಡೊಡನೆ ಒಂದು ತೀರ್ಮಾನಕ್ಕೆ ಬಂದಳು.

“ಚಪ್ಪಲಿ ಹೊರಗ ಬಿಡತಾರ, ನೆಲದ ಮ್ಯಾಲ ಕೂತು ಉಣತಾರ. ಇವರು ನಮ್ಮ ಮಂದೀನ.”

ಗೋಡೆಯ ಮೇಲೆ ಮನೆಯ ನಿಯಮಗಳ ಪಟ್ಟಿಯಿತ್ತು. ನಾನು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು ಅವ್ವನಿಗೆ ಒಂದೊಂದಾಗಿ ವಿವರಿಸಿದೆ. ಶೌಚಾಲಯದ ಒಳಗೆ ಮಾತ್ರ ಬಳಸುವ ಬೇರೆ ಚಪ್ಪಲಿಗಳಿವೆ, ಅವನ್ನು ಹೊರಗೆ ತರಬಾರದೆಂದು ಎರಡು ಸಲ ಹೇಳಿದೆ. ಅರ್ಧ ಗಂಟೆಯ ನಂತರ ಅದೇ ಚಪ್ಪಲಿಗಳಲ್ಲಿ ಊಟದ ಕೋಣೆಗೆ ನಡೆದು ಬಂದವನು ನಾನು. ಅಲ್ಲಿ ಕುಳಿತಿದ್ದ ಇಬ್ಬರು ಜಪಾನಿ ಬಾಡಿಗೆದಾರರು, ಉಪಾಹಾರ ಗೃಹವೊಂದರ ಅಡುಗೆಯವರು, ತಟ್ಟೆಯಿಂದ ತಲೆ ಎತ್ತಲಿಲ್ಲ. ಅವ್ವ ಬಾಯಿಗೆ ಸೆರಗು ಹಿಡಿದಳು.

ಅವಳು ಮಾತ್ರ ಕೋಣೆಯೊಳಗೆ ಮೊದಲು ಮಾಡಿದ ಕೆಲಸವೆಂದರೆ ಚಾಪೆಯ ಮೂಲೆಯನ್ನೆತ್ತಿ ಅಂಚಿನ ಹೊಲಿಗೆಯನ್ನು ಪರೀಕ್ಷಿಸಿದ್ದು. ಬಾಗಿಲಲ್ಲಿ ನಿಂತಿದ್ದ ಸುಮಿಕೊ ಅದನ್ನು ನೋಡಿದರು. ಧೂಳು ಹುಡುಕುತ್ತಿದ್ದಾಳೆಂದು ತಿಳಿದಾರೆಂದು ನಾನು ಗಾಬರಿಯಿಂದ ಕ್ಷಮೆ ಕೇಳಲು ಆರಂಭಿಸಿದೆ. ಅವರು ಕೈಸನ್ನೆಯಿಂದ ನನ್ನನ್ನು ತಡೆದರು. ಅವ್ವ ಹೆಬ್ಬೆರಳಿನಿಂದ ಅಂಚನ್ನು ಒತ್ತಿ, ಹುಬ್ಬೇರಿಸಿ, ತಲೆಯಾಡಿಸಿದಳು. ಸುಮಿಕೊ ಸಹ ತಲೆಯಾಡಿಸಿದರು.

ಬುಧವಾರ, ರೇನರ್ಸ್ ಲೇನ್

ಲಂಡನ್ನಿನಲ್ಲಿ ಬಿದಿರು ಎಲ್ಲಿ ಸಿಗುತ್ತದೆಂದು ಯಾರನ್ನು ಕೇಳುವುದು? ಭಾರತೀಯ ಅಂಗಡಿಗಳಿರುವಲ್ಲಿ ತಿಳಿದೀತೆಂದು ರೇನರ್ಸ್ ಲೇನಿಗೆ ಹೋದೆವು. ಕಿರಾಣಿ ಅಂಗಡಿಯಲ್ಲಿ ಅವ್ವ ಜೋಳದ ಹಿಟ್ಟನ್ನು ಬೆರಳುಗಳ ನಡುವೆ ತಿಕ್ಕಿ ‘ಹಳೇದೈತಿ’ ಎಂದದ್ದನ್ನು ಕೇಳಿ ಒಬ್ಬ ಮಹಿಳೆ ತಿರುಗಿ ನೋಡಿದರು. ಮೈಸೂರಿನ ವಿಜಯಾ ಎಂಬುವರು. ಪತಿ ಆಸ್ಪತ್ರೆಯಲ್ಲಿ ವೈದ್ಯರು. ಜೊತೆಗೆ ಹತ್ತು ವರ್ಷದ ಮಗಳಿದ್ದಳು. ಅವ್ವ ಅವಳ ಹೆಸರು ಕೇಳಿದರೆ ಆ ಮಗು ಕನ್ನಡವನ್ನು ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸಿತು. ಅವ್ವನೂ ಹಿಂದೆಗೆಯದೆ ಕನ್ನಡದಲ್ಲಿಯೇ ಮುಂದುವರಿದಳು. ಇಬ್ಬರ ಸಂಭಾಷಣೆಗೂ ದುಭಾಷಿಯ ಅಗತ್ಯವೇ ಬೀಳಲಿಲ್ಲ.

ನಮ್ಮ ತೊಂದರೆ ಕೇಳಿದ ವಿಜಯಾ ಅವರು ತಮ್ಮ ಕಾರಿನಲ್ಲೇ ಗಿಡಗಳ ಅಂಗಡಿಯೊಂದಕ್ಕೆ ಕರೆದೊಯ್ದರು. ಅಲ್ಲಿ ಟೊಮೆಟೊ ಬಳ್ಳಿಗೆ ಆಸರೆಯಾಗಿ ನೆಡುವ ಕಡ್ಡಿಗಳ ಕಟ್ಟುಗಳಿದ್ದವು. ಬಿದಿರೇ, ಆದರೆ ಕಿರುಬೆರಳಿನಷ್ಟು ದಪ್ಪ. ನಾನು ಗೆದ್ದವನಂತೆ ಒಂದು ಕಟ್ಟನ್ನು ಎತ್ತಿ ತಂದೆ. ಅವ್ವ ಒಂದು ಕಡ್ಡಿಯನ್ನು ಹಿಡಿದು ಬಗ್ಗಿಸಿದಳು. ಅದು ಸುಣ್ಣದ ಕಡ್ಡಿಯಂತೆ ಮುರಿಯಿತು.

“ಇದು ಬಿದಿರಲ್ಲೋ ತಮ್ಮಾ. ಬಿದಿರಿನ ಮರಿಮೊಮ್ಮಗ.”

ಹಿಂದಿರುಗುವಾಗ ರೈಲಿನಲ್ಲಿ ಕುಳಿತು ಪತ್ರದ ವಿಷಯವನ್ನು ಅವಳಿಗೆ ಹೇಳಿಬಿಟ್ಟೆ. ಪದ ಗೊತ್ತಿಲ್ಲದ್ದಕ್ಕೆ ನಾಚಿ ಹಾಗೆ ಬರೆದೆ, ಬಿದಿರು ಹೋದದ್ದು ನನ್ನಿಂದ ಎಂದೆ.

“ನನ್ನ ಕೇಳಬೇಕಿತ್ತು,” ಎಂದಳು ಅವ್ವ.

“ನಿನಗ ಇಂಗ್ಲಿಷ್ ಎಲ್ಲಿ ಬರತೈತಿ ಯವ್ವಾ?”

“ಬಿದಿರು ಬರತೈತಲ್ಲ. ಚಿತ್ರಾ ಬರದು ಕಳಸಬೇಕಿತ್ತು.”

ಹದಿನೇಳು ವರ್ಷ ವಿದ್ಯಾಭ್ಯಾಸ ಮಾಡಿದ ನನಗೆ ಆ ಉಪಾಯ ಹೊಳೆದಿರಲಿಲ್ಲ.

ಗುರುವಾರ, ಅಟ್ಟ ಮತ್ತು ಸ್ನಾನದ ತೊಟ್ಟಿ

ಸುಮಿಕೊ ಅವರ ಹಿತ್ತಿಲಿನಲ್ಲಿ ಒಂದು ಬಿದಿರಿನ ಮೆಳೆಯಿದೆಯೆಂದು ನನಗೆ ತಿಳಿದದ್ದು ಗುರುವಾರ ಬೆಳಿಗ್ಗೆ, ಅವರೇ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದಾಗ. ನಮ್ಮ ಸಂಕಟವನ್ನು ಅವರು ಸಂಸ್ಥೆಯವರಿಂದ ಕೇಳಿದ್ದರು. ಬೇಕಾದಷ್ಟು ಕಡಿದುಕೊಳ್ಳಿ ಎಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಅವ್ವ ಮೆಳೆಯ ಸುತ್ತ ಒಂದು ಸುತ್ತು ಬಂದು, ಒಂದು ಗಳವನ್ನು ಸವರಿ, ಕೈ ಹಿಂದಕ್ಕೆ ತೆಗೆದುಕೊಂಡಳು.

“ಅಮಾಸಿ ನಿನ್ನೆ ಮುಗೀತು. ಇವತ್ತಿಂದ ಚಂದ್ರ ಏರತಾನ. ಈಗ ಕಡದ್ರ ಹುಳಾ ಹತ್ತತೈತಿ.”

ನನಗೆ ಸಿಟ್ಟು ಬಂದಿತು. ನಾಳೆ ಬೆಳಿಗ್ಗೆ ಪ್ರದರ್ಶನ, ಹುಳ ಹತ್ತುವುದಾದರೆ ಆರು ತಿಂಗಳ ಮೇಲೆ ಹತ್ತಲಿ, ಆಗ ನೋಡುವವರು ಯಾರು ಎಂದೆ. ಅವ್ವ ನನ್ನನ್ನು ಅಪರಿಚಿತನನ್ನು ನೋಡುವಂತೆ ನೋಡಿದಳು.

“ನಾಕು ಮಂದಿ ಮುಂದ ನನ್ನ ಹೆಸರು ಹೇಳಿ ಇಡತಾರ ಅದನ್ನ. ಹುಳಾ ತಿನ್ನೂ ಮರಾ ನಾ ಯಾರಿಗೂ ಕೊಟ್ಟಿಲ್ಲ.”

ಇದನ್ನು ಸುಮಿಕೊ ಅವರಿಗೆ ಹೇಗೆ ತಿಳಿಸುವುದು? ಉಪಕಾರ ಮಾಡಬಂದವರ ಮುಂದೆ ಮೂಢನಂಬಿಕೆಯ ಮಾತಾಡಿದಂತಾಗುತ್ತದೆಂದು ನಾಚುತ್ತ, ಹಳ್ಳಿಯ ಹಿರಿಯರ ಒಂದು ನಂಬಿಕೆ ಎಂಬ ಪೀಠಿಕೆಯೊಂದಿಗೆ ತಗ್ಗಿದ ದನಿಯಲ್ಲಿ ಅನುವಾದಿಸಿದೆ. ಅವರು ನಗಲಿಲ್ಲ. ಏಣಿ ಹಿಡಿದುಕೊಳ್ಳಲು ಬನ್ನಿ ಎಂದು ನನ್ನನ್ನು ಮನೆಯೊಳಗೆ ಕರೆದರು. ಏಣಿ ಹತ್ತುತ್ತ, ತಮ್ಮ ಪತಿಯೂ ಚಂದ್ರನನ್ನು ನೋಡದೆ ಬಿದಿರು ಕಡಿಯುತ್ತಿರಲಿಲ್ಲವೆಂದು ಹೇಳಿದರು. ಅಟ್ಟದ ಮೇಲೆ ಹಳೆಯ ಹೊದಿಕೆಯ ಕೆಳಗೆ ಹನ್ನೊಂದು ಬಿದಿರಿನ ಗಳಗಳಿದ್ದವು. ಹಿತ್ತಿಲಿಗೆ ಬೇಲಿ ಕಟ್ಟಬೇಕೆಂದು ಅವರ ಪತಿ ಹತ್ತು ವರ್ಷಗಳ ಹಿಂದೆ ತರಿಸಿ ಒಣಗಿಸಿಟ್ಟಿದ್ದರು. ಬೇಲಿ ಕಟ್ಟುವ ಮೊದಲೇ ತೀರಿಕೊಂಡರು. ಬಾಡಿಗೆದಾರರು ಕೇಳಿದಾಗಲೂ ಸುಮಿಕೊ ಅವನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲವಂತೆ.

ಈಗ ಅವರೇ ಕೆಳಗಿಳಿಸಿಕೊಟ್ಟ ಒಂದೊಂದು ಗಳವನ್ನೂ ಅವ್ವ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಐದನ್ನು ಬೇರೆಯಿಟ್ಟಳು. ಹಿತ್ತಿಲಿನಲ್ಲಿ ಕುಳಿತು ಮಧ್ಯಾಹ್ನದವರೆಗೆ ಸೀಳಿದಳು. ನಾನು ಪಕ್ಕದಲ್ಲಿ ನಿಂತು ಸೀಳುಗಳನ್ನು ಕಟ್ಟು ಕಟ್ಟಿದೆ. ಹತ್ತು ವರ್ಷ ಒಣಗಿದ ಬಿದಿರು ಕಬ್ಬಿಣದ ಹಾಗಿತ್ತು. ಇನ್ನು ಇದು ರಾತ್ರಿಯಿಡೀ ನೀರಿನಲ್ಲಿ ನೆನೆಯದಿದ್ದರೆ ಬಾಗುವುದಿಲ್ಲ ಎಂದಳು. ಆಮೇಲೆ ನಾನು ನಾಳೆಯ ಪರಿಚಯ ಭಾಷಣವನ್ನು ಕಂಠಪಾಠ ಮಾಡಲು ಕೋಣೆಗೆ ಹೋದೆ.

ಆ ಮನೆಯ ಸ್ನಾನದ ವಿಧಾನವನ್ನು ಇಲ್ಲಿ ಹೇಳಬೇಕು. ಎದೆಯ ಮಟ್ಟದವರೆಗೆ ನೀರು ನಿಲ್ಲುವ ಮರದ ತೊಟ್ಟಿ. ಅದನ್ನು ಕಟ್ಟಿದ್ದೂ ಸುಮಿಕೊ ಅವರ ಪತಿಯೇ. ಸಂಜೆ ಅದನ್ನು ಬಿಸಿನೀರಿನಿಂದ ತುಂಬುತ್ತಾರೆ. ಎಲ್ಲರೂ ಹೊರಗೆ ಸಾಬೂನು ಹಚ್ಚಿ ತೊಳೆದುಕೊಂಡು, ಶುದ್ಧವಾದ ಮೇಲೆ ಸರದಿಯಂತೆ ಅದೇ ನೀರಿನಲ್ಲಿ ಕುಳಿತು ಮೈ ಕಾಯಿಸಿಕೊಳ್ಳುತ್ತಾರೆ. ಇದು ನನ್ನ ಟಿಪ್ಪಣಿ ಪುಸ್ತಕದಲ್ಲಿತ್ತು. ಇದೊಂದನ್ನು ಮಾತ್ರ ಅವ್ವನಿಗೆ ಹೇಳಲು ಮರೆತಿದ್ದೆ, ಎರಡು ದಿನವೂ ಅವಳು ತೊಟ್ಟಿಗಿಳಿಯದೆ ಬಕೆಟ್ಟಿನ ನೀರಿನಲ್ಲೇ ಮಿಂದಿದ್ದಳು. ಅವಳ ಲೆಕ್ಕದಲ್ಲಿ ಒಬ್ಬರು ಮಿಂದ ನೀರು ಬಚ್ಚಲಿಗೆ ಹೋಗಬೇಕಾದ ನೀರು. ಸುಮಿಕೊ ಸ್ನಾನ ಮುಗಿಸಿ ಹೊರಬಂದದ್ದನ್ನು ಅವಳು ಕಂಡಳು. ತೊಟ್ಟಿಯ ತುಂಬ ಹಬೆಯಾಡುವ ನೀರು ವ್ಯರ್ಥವಾಗಿ ನಿಂತಿರುವುದನ್ನೂ ಕಂಡಳು. ಸೀಳುಗಳನ್ನೆಲ್ಲ ಅದರೊಳಗೆ ಅದ್ದಿ, ಮೇಲೆ ಒಂದು ಮಣೆಯನ್ನು ಹೇರಿಟ್ಟಳು.

ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಸ್ನಾನಕ್ಕೆ ಹೋದ ಅಡುಗೆಯವರಿಬ್ಬರೂ ಹಾಗೆಯೇ ಹಿಂದಿರುಗಿ ಬಂದರು. ಏನೆಂದು ಹೋಗಿ ನೋಡಿದ ಸುಮಿಕೊ ಅವರ ಮುಖ ಬಿಗಿಯಿತು. ಬಿದಿರಿನಿಂದ ಕಂದು ಬಣ್ಣ ನೀರಿಗೆ ಇಳಿಯತೊಡಗಿತ್ತು. ಮರದ ತೊಟ್ಟಿ ಆ ಬಣ್ಣವನ್ನು ಕುಡಿದರೆ ಮತ್ತೆಂದೂ ಹೋಗುವುದಿಲ್ಲ, ಈಗಲೇ ತೆಗೆಯಬೇಕು ಎಂದರು. ದನಿ ಏರಿರಲಿಲ್ಲ, ಆದರೆ ಅದುವರೆಗೆ ನಾನು ಕೇಳಿರದ ದನಿ. ನಾನು ವ್ಯಾಕರಣ ತಪ್ಪದಂತೆ ಆರೇಳು ಬಗೆಯಲ್ಲಿ ಕ್ಷಮೆ ಕೇಳುತ್ತ ಸೀಳುಗಳನ್ನು ಎತ್ತತೊಡಗಿದೆ.

ಅವ್ವ ಬಾಗಿಲಿಗೆ ಬಂದಳು. ವಿಷಯ ತಿಳಿದು ಅವಳ ಮುಖ ಸಣ್ಣದಾಯಿತು. ಆದರೂ ಒಂದು ಸೀಳನ್ನು ಕೈಗೆತ್ತಿಕೊಂಡು ಸುಮಿಕೊ ಅವರ ಎದುರು ಮೆಲ್ಲಗೆ ಬಗ್ಗಿಸಿದಳು. ಅರ್ಧ ಬಾಗಿ ಅದು ಸಿಡಿದು ಮುರಿಯಿತು. ತುಂಡುಗಳನ್ನು ಎರಡೂ ಅಂಗೈಯಲ್ಲಿಟ್ಟು ತೋರಿಸಿದಳು. ನಾನು ಅನುವಾದಿಸಲಿಲ್ಲ. ಅನುವಾದಿಸುವುದಕ್ಕೆ ಏನೂ ಇರಲಿಲ್ಲ.

ಸುಮಿಕೊ ಒಂದು ತುಂಡನ್ನು ಕೈಗೆತ್ತಿಕೊಂಡು ನೋಡಿದರು. ಅನಂತರ ಹಿತ್ತಿಲಿಗೆ ಹೋಗಿ, ಗಿಡಗಳ ಕಸಕ್ಕೆಂದು ಅಲ್ಲಿನ ಪುರಸಭೆಯವರು ಕೊಟ್ಟಿದ್ದ ಗಾಲಿಯ ಎತ್ತರದ ಹಸಿರು ಡಬ್ಬಿಯನ್ನು ಉರುಳಿಸಿಕೊಂಡು ಬಂದರು. ಸೀಳುಗಳು ಅದರೊಳಗೆ ನೆಟ್ಟಗೆ ನಿಲ್ಲುವಷ್ಟು ಎತ್ತರ. ಅವ್ವ ಅದನ್ನು ಮೂಸಿ ನೋಡಿ, ಮೂರು ಸಲ ತೊಳೆಸದೆ ಬಿಡಲಿಲ್ಲ. ನಂತರ ಆ ಇಬ್ಬರು ಅಡುಗೆಯವರು, ಸುಮಿಕೊ ಮತ್ತು ನಾನು ಸಾಲಾಗಿ ನಿಂತು, ಬಕೆಟ್ಟಿನಿಂದ ಬಕೆಟ್ಟಿಗೆ ತೊಟ್ಟಿಯ ಬಿಸಿನೀರನ್ನು ಹಿತ್ತಿಲಿಗೆ ಸಾಗಿಸಿದೆವು. ಪಕ್ಕದ ಮನೆಯ ಆಂಗ್ಲ ಮುದುಕರು ನಡುವಿನ ಗಿಡ್ಡ ಗೋಡೆಯ ಮೇಲಿಂದ ಒಮ್ಮೆ ನೋಡಿ, ಇಂದು ಸಂಜೆ ಹವೆ ಚೆನ್ನಾಗಿದೆ ಎಂದಷ್ಟೇ ಹೇಳಿ ಒಳಗೆ ಹೋದರು. ಖಾಲಿಯಾದ ತೊಟ್ಟಿಯನ್ನು ಅವ್ವ ಮಂಡಿಯೂರಿ ಕುಳಿತು ಉಜ್ಜಿದಳು. ಬೇಡವೆಂದು ಸುಮಿಕೊ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಅವರೂ ಇನ್ನೊಂದು ಬದಿಯಿಂದ ಉಜ್ಜಲು ಕುಳಿತರು. ಕಲೆ ಉಳಿಯಲಿಲ್ಲ.

ಶುಕ್ರವಾರ, ಪ್ರದರ್ಶನದ ಸಭಾಂಗಣ

ಒದ್ದೆ ಸೀಳುಗಳನ್ನು ಹಳೆಯ ಚಾದರದಲ್ಲಿ ಸುತ್ತಿ, ನಾರ್ದರ್ನ್ ಲೈನ್ ಎಂಬ ರೈಲಿನ ಬೆಳಗಿನ ನೂಕುನುಗ್ಗಲಿನಲ್ಲಿ ನಿಂತು ಸಾಗಿಸಿದೆವು. ನೀರು ತೊಟ್ಟಿಕ್ಕುತ್ತಿತ್ತು. ನಮ್ಮೂರ ಬಸ್ಸಿನಲ್ಲಾಗಿದ್ದರೆ ಏನದು, ಎಲ್ಲಿಂದ ತಂದಿರಿ, ಎಲ್ಲಿಗೆ ಎಂದು ಹತ್ತು ಜನ ವಿಚಾರಿಸುತ್ತಿದ್ದರು. ಇಲ್ಲಿ ಎಲ್ಲರೂ ಪತ್ರಿಕೆಯ ಹಿಂದೆ ಮುಖವಿಟ್ಟು ಕಾಲುಗಳನ್ನು ಮಾತ್ರ ಸ್ವಲ್ಪ ಸರಿಸಿದರು.

ಅವ್ವನಿಗಾಗಿ ಮೇಜು ಕುರ್ಚಿ ಹಾಕಿದ್ದರು. ಅವಳು ಅವನ್ನು ಸರಿಸಿ ನೆಲದ ಮೇಲೆ ಕುಳಿತಳು. ನಾನು ಕಂಠಪಾಠ ಮಾಡಿದ ನಾಲ್ಕು ಪುಟಗಳ ಭಾಷಣವನ್ನು ಆರಂಭಿಸಿದೆ. ಅವ್ವ ಮೊದಲ ಸೀಳನ್ನು ಕಾಲಿನ ಹೆಬ್ಬೆರಳಿನಲ್ಲಿ ಹಿಡಿದು ಬಗ್ಗಿಸಿದಾಗ ನಾನು ಮಾತು ನಿಲ್ಲಿಸಿದೆ. ಅದು ಮುರಿಯಿತು. ಎರಡನೆಯದೂ ಮುರಿಯಿತು. ಮೂರನೆಯದನ್ನು ಅವಳು ಬಾಯಿಯ ಉಸಿರಿನಿಂದ ಕಾಯಿಸಿ, ಬೆರಳುಗಳಿಂದ ಉದ್ದಕ್ಕೂ ಉಜ್ಜಿ, ಮತ್ತೆ ಬಗ್ಗಿಸಿದಳು. ಬಾಗಿತು. ನಂತರ ಅವಳ ಕೈ ನಿಲ್ಲಲಿಲ್ಲ. ನನ್ನ ಭಾಷಣದ ಉಳಿದ ಮೂರು ಪುಟಗಳನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಜನ ಸುತ್ತ ಕುಳಿತು ಪ್ರಶ್ನೆ ಕೇಳತೊಡಗಿದರು. ಬಿದಿರಿನ ಹೊರಸಿಪ್ಪೆಯ ನುಣುಪಾದ ಬದಿ ಮೊರದ ಒಳಗೇ ಏಕೆ ಬರಬೇಕೆಂದು ಒಬ್ಬ ಮಹನೀಯರು ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ. ಅವ್ವನನ್ನು ಕೇಳಿದೆ.

“ಕಾಳು ಜಾರಬೇಕಲ್ಲ,” ಎಂದಳು ಅವಳು, ತಲೆ ಎತ್ತದೆ. “ಮೇದಾರನ ಹೊಟ್ಟ್ಯಾಗ ಹುಟ್ಟಿ ಇದು ಗೊತ್ತಿಲ್ಲ ನಿನಗ? ಸಾಲ್ಯಾಗ ಏನ್ ಕಲಿಸಿದ್ರು ಅವರು?”

ಅವಳ ದನಿಯನ್ನು ಕೇಳಿಯೇ ಜನ ನಕ್ಕರು. ಏನೆಂದರು ಎಂದು ಆ ಮಹನೀಯರು ಕೇಳಿದರು. ನನ್ನ ಎದೆಯ ಮೇಲಿನ ಚೀಟಿಯಲ್ಲಿ ‘ದುಭಾಷಿ’ ಎಂದು ಮಾತ್ರ ಇತ್ತು. ಕಾಳು ಜಾರಬೇಕು ಎಂಬಷ್ಟನ್ನೇ ಅನುವಾದಿಸಿ ಮುಗಿಸಬಹುದಾಗಿತ್ತು. ನಾನು ಪೂರ್ತಿಯಾಗಿ ಅನುವಾದಿಸಿದೆ: ಈಕೆ ನನ್ನ ತಾಯಿ, ನಾನು ಮೇದಾರನ ಮಗ, ಇದು ತಿಳಿದಿರಬೇಕಾಗಿದ್ದೂ ತಿಳಿದಿಲ್ಲವೆಂದು ಬೈಯುತ್ತಿದ್ದಾಳೆ, ಬೈದದ್ದು ಸರಿಯಾಗಿದೆ. ಆ ವಾಕ್ಯಗಳನ್ನು ನಾನು ಮೊದಲೇ ಬರೆದು ತಿದ್ದಿಕೊಂಡಿರಲಿಲ್ಲ.

ಮೊದಲ ಮೊರ ಮುಗಿದಾಗ ಅವ್ವ ಒಂದು ಹಿಡಿ ಅಕ್ಕಿ ಕೇಳಿ ತರಿಸಿ, ಎದ್ದುನಿಂತು ಕೇರಿ ತೋರಿಸಿದಳು. ಸಭಾಂಗಣದ ತುಂಬ ಆ ಸದ್ದು. ಸಂಸ್ಥೆಯವರು ಅದನ್ನು ತಮ್ಮ ಸಂಗ್ರಹಕ್ಕೆ ಕೇಳಿದರು. ಒಂಟಿ ಮೊರ ಕೊಡುವ ಪದ್ಧತಿಯಿಲ್ಲ, ನಾಳೆ ಜೊತೆ ಮಾಡಿ ಕೊಡುತ್ತೇನೆ ಎಂದಳು. ಮಧ್ಯಾಹ್ನ ಬಂದ ವಿಜಯಾ ಅವರು ಜನರ ನಡುವೆ ನಿಂತು ಬಹಳ ಹೊತ್ತು ನೋಡಿದರು. ಅನಂತರ ಅವ್ವನ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತರು.

“ಅಮ್ಮ, ನಾಳೆ ಗೌರಿ ಹಬ್ಬ. ಹನ್ನೆರಡು ವರ್ಷದಿಂದ ನಾನು ಪ್ಲಾಸ್ಟಿಕ್ ತಟ್ಟೇಲಿ ಬಾಗಿನ ಕೊಡ್ತಾ ಇದೀನಿ. ನನಗೊಂದು ಜೊತೆ ಮೊರ ಆಗತ್ತಾ?”

“ಆಗತೈತಿ ಮಗಳ. ಆದರ ನೋಡು, ಮಾತಾಡಿಸಬ್ಯಾಡ. ಹೊತ್ತು ಭಾಳ ಇಲ್ಲ.”

ಶನಿವಾರ, ಮತ್ತೆ ರೇನರ್ಸ್ ಲೇನ್

ಆ ದಿನದ ಪ್ರದರ್ಶನ ಮುಗಿಸಿ ಸಂಜೆ ವಿಜಯಾ ಅವರ ಮನೆಗೆ ಹೋದೆವು. ಸುಮಿಕೊ ಅವರನ್ನೂ ಕರೆದಿದ್ದರು. ಅವರು ಹೊಸ್ತಿಲಲ್ಲಿ ನಾವು ಹೇಳುವ ಮೊದಲೇ ಪಾದರಕ್ಷೆ ಬಿಟ್ಟರು. ಒಂದು ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ಅರಿಸಿನ ಕುಂಕುಮಗಳನ್ನಿಟ್ಟು, ಇನ್ನೊಂದನ್ನು ಮುಚ್ಚಿ, ಅದನ್ನು ಯಾರಿಗೆ ಕೊಡುವುದೆಂದು ವಿಜಯಾ ಅವರು ಮೊದಲೇ ನಿಶ್ಚಯಿಸಿದ್ದರು. ಸೆರಗಿನ ಅಂಚನ್ನು ಮೊರದ ಮೇಲೆ ಹಿಡಿದು ಅವ್ವನ ಮುಂದೆ ಬಂದು ನಿಂತರು.

ಅವ್ವ ಹಿಂದೆ ಸರಿದಳು. ಊರಿನಲ್ಲಿ ಎಷ್ಟೋ ಮನೆಗಳ ಬಾಗಿನಕ್ಕೆ ಅವಳು ಮೊರ ಹೆಣೆದಿದ್ದಳು. ಕಟ್ಟೆಯ ಕೆಳಗೆ ನಿಂತೇ ಮೊರ ಕೊಂಡು, ಮೈಲಿಗೆಯೆಂದು ನೀರು ಚಿಮುಕಿಸಿ ಒಯ್ಯುವವರಿಗೆ. ಮುತ್ತೈದೆಯಾದರೂ ತುಂಬಿದ ಮೊರವನ್ನು ಅವಳ ಕೈಗೆ ಯಾರೂ ಕೊಟ್ಟಿರಲಿಲ್ಲ.

“ನಾ ಮಾಡಿದ್ದು ನನಗಽ ಕೊಡತೀಯೇನವಾ?” ಎಂದಳು.

“ನಿಮಗಲ್ಲದೆ ಇನ್ಯಾರಿಗಮ್ಮಾ?” ಎಂದರು ವಿಜಯಾ.

ಅವ್ವ ಸೆರಗು ಹೊದ್ದು, ಎರಡೂ ಕೈಗಳಿಂದ ಬಾಗಿನವನ್ನು ತೆಗೆದುಕೊಂಡಳು. ನನ್ನ ಮುಖ ನೋಡಲಿಲ್ಲ. ನಾನು ಗೋಡೆಯ ಕಡೆ ತಿರುಗಿ ಅಲ್ಲಿದ್ದ ಕ್ಯಾಲೆಂಡರನ್ನು ಓದುತ್ತ ನಿಂತೆ.

ಧಾರವಾಡ

ಇದಾದ ನಂತರ ನಮ್ಮ ಮನೆಯಲ್ಲಿ ಏನು ಬದಲಾಯಿತೆಂಬುದನ್ನು ನೇರವಾಗಿ ಹೇಳಿ ಮುಗಿಸುತ್ತೇನೆ. ಕಾಲೇಜಿನ ಸಹೋದ್ಯೋಗಿಗಳನ್ನು ನಮ್ಮ ಮನೆಗೆ ಊಟಕ್ಕೆ ಕರೆದು ಅವ್ವನ ಕಟ್ಟೆಯ ಮೇಲೆ ಕೂರಿಸಿದೆ. ಮೊದಲು ಸುಳ್ಳು ಹೇಳಿದ್ದೆನೆಂದೂ ತಿಳಿಸಿದೆ. ವಿಜಯಾ ಅವರ ಪರಿಚಯದ ಕನ್ನಡದ ಮನೆಗಳಿಗೆ ಪ್ರತಿವರ್ಷ ಗೌರಿ ಹಬ್ಬಕ್ಕೆ ಮುಂಚೆ, ಒಣಗಿಸಿದ ಬಿದಿರಿನ ಮೊರಗಳು ಬೇಕಾದ ಪ್ರಮಾಣಪತ್ರದೊಡನೆ ಹೋಗುತ್ತವೆ. ಆ ಅರ್ಜಿಗಳನ್ನು ತುಂಬುವವನು ನಾನು, ಪದ ತಿಳಿಯದಿದ್ದಲ್ಲಿ ಕೇಳುತ್ತೇನೆ. ಗೋವೆಯಲ್ಲಿ ಕಟ್ಟಡದ ಕೂಲಿಗೆ ಹೋಗಿದ್ದ ನನ್ನ ತಮ್ಮ ಮನೆಗೆ ಮರಳಿ ಕತ್ತಿ ಹಿಡಿದಿದ್ದಾನೆ. ಅವನ ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಾರೆ, ತಂದೆಯ ಕಸುಬನ್ನು ಕೇಳಿದವರಿಗೆ ಮೇದಾರಿಕೆ ಎಂದೇ ಹೇಳುತ್ತಾರೆ. ನಾನು ರವಿವಾರಗಳಲ್ಲಿ ಅವ್ವನ ಪಕ್ಕದಲ್ಲಿ ಕುಳಿತು ಮೊರದ ಅಂಚು ಕಟ್ಟಲು ಕಲಿಯುತ್ತಿದ್ದೇನೆ. ನಾನು ಕಟ್ಟಿದ್ದನ್ನು ಅವಳು ಇನ್ನೂ ಬಿಚ್ಚಿ ಕಟ್ಟುತ್ತಾಳೆ.